ಪೂರ್ವದ ಬದುವಿಗೆ ಕಟ್ಟಿದ ಸೀರೆಗಳು

ಅಪ್ಪ ಅಂಗೈ ಬಿಚ್ಚಿ ತೋರಿಸಿದ. ಹತ್ತಿಯ ಮೊಗ್ಗುಗಳು. ಹಸಿರು ಹೋಗಿ ಹಳದಿಗೆ ತಿರುಗಿದ್ದವು. ಒಂದೊಂದನ್ನೇ ಉಗುರಿನಿಂದ ಸೀಳಿ, ಕಣ್ಣಿನ ಹತ್ತಿರ ಹಿಡಿದು, ನೋಡಿ, ಬದುವಿನ ಮೇಲೆ ಸಾಲಾಗಿ ಇಡುತ್ತ ಬಂದಿದ್ದ.

“ತೂತ ಎಲ್ಲೆರ ಕಾಣಸ್ತದೇನ ನೋಡಬೇ,” ಎಂದ.

ನಾನೂ ನೋಡಿದೆ. ತೂತು ಇರಲಿಲ್ಲ.

“ಹುಳ ಹೊಕ್ಕಿದ್ರ ತೂತ ಇರ್ತಿತ್ತು. ಒಳಗ ಹಿಕ್ಕಿ ಇರ್ತಿತ್ತು. ಏನೂ ಇಲ್ಲ. ಅಂದ್ರ ಇದು ಹುಳದ ಕೆಲಸ ಅಲ್ಲ.”

ಅಷ್ಟು ಹೇಳಿ ಪೂರ್ವದ ಕಡೆ ನೋಡಿದ. ಆ ಕಡೆ ನನ್ನ ಸೋದರಮಾವನ ಹೊಲ. ಹುಳವಲ್ಲದಿದ್ದರೆ ಮನುಷ್ಯ ಎಂಬುದು ಅಪ್ಪನ ತಲೆಯಲ್ಲಿ ಆಗಲೇ ಕುಳಿತುಬಿಟ್ಟಿತ್ತು.

ಅವ್ವ ಹೋಗಿ ಆಗ ಹೆಚ್ಚು ದಿನವಾಗಿರಲಿಲ್ಲ. ಬೇಸಿಗೆಯ ಕೊನೆಗೆ, ಹೊಲ ಹರಗಿ ಬಿತ್ತನೆಗೆ ಕಾಯುತ್ತಿದ್ದ ಹೊತ್ತಿನಲ್ಲಿ, ಜ್ವರವೆಂದು ಮಲಗಿದವಳು ಏಳಲೇ ಇಲ್ಲ. ನನ್ನನ್ನು ಅಫಜಲಪುರ ತಾಲೂಕಿನ ಕರಜಗಿಗೆ ಕೊಟ್ಟಿದ್ದಾರೆ. ಅಲ್ಲಿ ನಮ್ಮದು ನೀರಿನ ಹೊಲ, ಕಬ್ಬು. ನನ್ನ ಗಂಡನೇ, “ಹತ್ತಿ ಬಿಡಿಸೂತನಕ ನಿಮ್ಮಪ್ಪನ ಬಲ್ಲಿ ಇದ್ದು ಬಾ, ರೊಟ್ಟಿ ಬಡಿಯಾಕರೆ ಯಾರರ ಬೇಕಲ್ಲ,” ಎಂದು ಕಳಿಸಿದ. ಹಾಗೆ ಕೊಳಕೂರಿಗೆ ಬಂದೆ. ಬಂದ ಮೇಲೆ ಗೊತ್ತಾಯಿತು, ಅಪ್ಪನಿಗೆ ರೊಟ್ಟಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ತನ್ನ ಸಂಶಯಕ್ಕೆ ಕಿವಿಗೊಡುವ ಒಬ್ಬರು. ಅವ್ವ ಇದ್ದಾಗ ಆ ಕೆಲಸವನ್ನೂ ಅವಳೇ ಮಾಡುತ್ತಿದ್ದಳು. ಕೇಳುತ್ತಿದ್ದಳು, ಹೂಂ ಎನ್ನುತ್ತಿದ್ದಳು, ಆಮೇಲೆ “ಏಳ್ರಿ, ಉಣ್ರಿ,” ಎನ್ನುತ್ತಿದ್ದಳು. ಸಂಶಯ ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಹಾಗೆ ಮುಗಿಸಲು ಬರಲಿಲ್ಲ.

ಅಪ್ಪನ ಊರು ಇದಲ್ಲ. ಅವನು ಆಳಂದ ತಾಲೂಕಿನ ಮಾದನಹಿಪ್ಪರಗಾದವನು. ಅಲ್ಲಿ ಅಣ್ಣತಮ್ಮಂದಿರಲ್ಲಿ ಪಾಲಾದ ಮೇಲೆ ಅವನಿಗೆ ಉಳಿದದ್ದು ಎತ್ತಿನ ಗಾಡಿ ತಿರುಗಿಸಲೂ ಸಾಲದಷ್ಟು ನೆಲ. ಅವ್ವನಿಗೆ ಮಾತ್ರ ಅವಳ ಅಪ್ಪ ಮದುವೆಯಲ್ಲಿ ಕೊಳಕೂರಿನ ಎರೆ ಹೊಲದಲ್ಲಿ ಒಂದು ಪಟ್ಟಿ ಅರಿಶಿನ ಕುಂಕುಮಕ್ಕೆಂದು ಕೊಟ್ಟಿದ್ದ. ಹೆಣ್ಣುಮಗಳಿಗೆ ಹಾಗೆ ಕೊಟ್ಟ ಹೊಲಕ್ಕೆ ನಮ್ಮ ಕಡೆ ಅದೇ ಹೆಸರು. ಅಪ್ಪ ಆ ಹೊಲವನ್ನು ನಂಬಿ ಇಲ್ಲಿಗೆ ಬಂದ. ನಾನು ಹುಟ್ಟಿದ್ದು, ಶಾಲೆ ಕಲಿತದ್ದು, ಮದುವೆಯಾದದ್ದು ಎಲ್ಲ ಇಲ್ಲೇ. ಆದರೂ ಊರಿನವರಿಗೆ ಅವನು ಇವತ್ತಿಗೂ ‘ಹಿಪ್ಪರಗಿ ಅಳಿಯ’. ಅವ್ವ ಇದ್ದಾಗ ಆ ಹೆಸರಿನಲ್ಲಿ ಒಂದು ಚೇಷ್ಟೆ ಇತ್ತು, ಸಲಿಗೆ ಇತ್ತು. ಅವಳು ಹೋದ ಮೇಲೆ ಅದೇ ಹೆಸರು ಅಪ್ಪನಿಗೆ ಬೇರೆ ಥರ ಕೇಳಿಸತೊಡಗಿತು. ಊರಿನ ಮಗಳೇ ಹೋದ ಮೇಲೆ ಅಳಿಯ ಯಾರು?

ನಮ್ಮ ಪಟ್ಟಿಯ ಪೂರ್ವಕ್ಕೆ ಒಂದು ಬದು. ಬದುವಿನ ಆಚೆ ಉಳಿದ ಹೊಲವೆಲ್ಲ ಅವ್ವನ ತಮ್ಮನದು. ನನಗೆ ಅವನು ಮಾಮ, ಅವನ ಹೆಂಡತಿ ಅತ್ತಿ. ಅಪ್ಪನ ಹೆದರಿಕೆ ಒಂದೇ: ಅಕ್ಕನಿಗೆ ಕೊಟ್ಟ ಹೊಲವನ್ನು ಅಕ್ಕ ಹೋದ ಮೇಲೆ ಮಾಮ ತಿರುಗಿ ಕೇಳುತ್ತಾನೆ. ಮಾಮ ಕೇಳಿರಲಿಲ್ಲ. ಕೇಳದೆ ಇರುವುದೇ ಅಪ್ಪನಿಗೆ ದೊಡ್ಡ ಗುರುತಾಗಿ ಕಂಡಿತು.

ಪಂಚಮಿ ಬಂತು. ಪಂಚಮಿಗೆ ಅಣ್ಣತಮ್ಮಂದಿರು ಹೆಣ್ಣುಮಕ್ಕಳಿಗೆ ಸೀರೆ ಕೊಡುವುದು ನಮ್ಮಲ್ಲಿ ರೂಢಿ. ಮಾಮ ಒಂದು ವರ್ಷವೂ ಅವ್ವನಿಗೆ ತಪ್ಪಿಸಿದವನಲ್ಲ. ಬರಗಾಲದ ವರ್ಷವೂ ತಂದಿದ್ದ, ಜಗಳವಾಡಿ ಮಾತು ಬಿಟ್ಟ ವರ್ಷವೂ ಬಾಗಿಲಲ್ಲಿ ಇಟ್ಟು ಹೋಗಿದ್ದ. ಈ ಸಲ ಬರಲಿಕ್ಕಿಲ್ಲ ಎಂದುಕೊಂಡಿದ್ದೆವು. ಬಂದ. ಅಂಗಡಿಯ ಚೀಲ ನನ್ನ ಕೈಗೆ ಕೊಟ್ಟ.

“ಅಕ್ಕ ಇಲ್ಲ. ನೀ ಇದ್ದಿ. ತಗೊ,” ಎಂದ.

ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪ ತಲೆ ಎತ್ತದೆ, “ಸತ್ತ ವರ್ಷ ಹಬ್ಬ ಎಲ್ಲಿದು?” ಎಂದ.

“ಹಬ್ಬಕ್ಕಲ್ಲ ಭಾವ. ಕೈ ಖಾಲಿ ಬರಾಕ ಮನಸ ಒಪ್ಪಲಿಲ್ಲ.”

ಚಹಾ ಕೊಟ್ಟೆ. ಅರ್ಧ ಕುಡಿದ. ಅವ್ವ ಕುಳಿತುಕೊಳ್ಳುತ್ತಿದ್ದ ಒಳಕಲ್ಲಿನ ಕಡೆ ಒಮ್ಮೆ ನೋಡಿ ಎದ್ದು ಹೋದ. ಅವನು ಓಣಿ ತಿರುಗುವುದನ್ನೇ ಕಾಯುತ್ತಿದ್ದವನಂತೆ ಅಪ್ಪ ಶುರು ಮಾಡಿದ.

“ಹೊಲ ತಿರುಗಿ ತಗೊಳ್ಳಾಕ ಸಹಿ ಯಾರದು ಬೇಕು ಹೇಳು ಅವಗ? ನಂದಲ್ಲ. ಹೊಲ ಅಕಿ ಹೆಸರಿಲೆ ಅದ. ಅಕಿ ಹಿಂದ ನೀ. ಅದಕ್ಕ ಸೀರಿ ನಿನಗ ಬಂತು. ನನಗ್ಯಾಕ ತರಲಿಲ್ಲ?”

“ಯಪ್ಪಾ, ನಿನಗ ಸೀರಿ ತಂದಿದ್ರ ಊರೆಲ್ಲ ನೋಡಾಕ ಬರ್ತಿತ್ತು.”

ಅವನು ನಗಲಿಲ್ಲ. ನಾನು ನಕ್ಕೆ. ಆದರೆ ಒಳಗೆ ಹೋಗಿ ಸೀರೆಯ ಮಡಿಕೆ ಬಿಚ್ಚಿ ಜಾಡಿಸಿ ನೋಡಿದೆ. ಒಳಗೆ ಅಂಗಡಿಯ ರಟ್ಟು ಬಿಟ್ಟರೆ ಏನೂ ಇರಲಿಲ್ಲ. ಏನಿರಬಹುದೆಂದು ಜಾಡಿಸಿದೆ ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಅಪ್ಪನ ಜೊತೆ ಒಂದೇ ಮನೆಯಲ್ಲಿ ಇದ್ದೆ, ಅಷ್ಟೆ.

ಪಂಚಮಿ ಮುಗಿಯುವುದಕ್ಕೂ ಮೋಡ ಮುಚ್ಚುವುದಕ್ಕೂ ಸರಿಹೋಯಿತು. ಮಳೆ ಜೋರಾಗಿ ಬರಲೂ ಇಲ್ಲ, ಬಿಡಲೂ ಇಲ್ಲ. ಬೆಳಗಿನ ಹೊತ್ತು ಸ್ವಲ್ಪ ಬಿಸಿಲು ಬೀಳುತ್ತಿತ್ತು. ಬುತ್ತಿ ಕಟ್ಟಿಕೊಂಡು ಹೊಲ ಸೇರಿ ಒಂದಿಷ್ಟು ಕಸ ಕೀಳುವಷ್ಟರಲ್ಲಿ ಮೋಡ ಕೂಡುತ್ತಿತ್ತು. ಆಮೇಲೆ ಇಡೀ ದಿನ ಹೊತ್ತು ಮುಳುಗಿದ ಹಾಗೆ. ತೊಳೆದ ಅರಿವೆ ಒಣಗುತ್ತಿರಲಿಲ್ಲ. ಹಪ್ಪಳ ಮಾಡುವ ಮಾತೇ ಇಲ್ಲ. ಹತ್ತಿ ಮಾತ್ರ ಎತ್ತರಕ್ಕೆ ಎದ್ದಿತು. ದಾರಿಯಲ್ಲಿ ಹೋಗುವವರು “ಭಾರಿ ಬೆಳಿಸಿರಿ” ಎನ್ನಬೇಕು, ಹಾಗೆ. ಆದರೆ ಹತ್ತಿರ ಹೋಗಿ ನೋಡಿದರೆ ಕಾಂಡ ಸಣ್ಣ, ಗಿಣ್ಣಿನಿಂದ ಗಿಣ್ಣಿಗೆ ದೂರ, ಎಲೆ ಅಗಲವಾಗಿ ತೆಳ್ಳಗಿತ್ತು. ನೆರಳಲ್ಲಿ ಬೆಳೆದ ಕೂಸಿನಂತೆ. ಮೊಗ್ಗು ಬರುತ್ತಿತ್ತು, ಅದರ ಸುತ್ತಲಿನ ಹಸಿರು ಎಸಳು ಬಾಯಿ ಬಿಡುತ್ತಿತ್ತು, ಹಳದಿಯಾಗುತ್ತಿತ್ತು, ಬೀಳುತ್ತಿತ್ತು. ಬೆಳಿಗ್ಗೆ ಸಾಲಿನಲ್ಲಿ ನಡೆದರೆ ಕಾಲಡಿ ಅವೇ.

ಅಪ್ಪ ಒಂದಿಷ್ಟು ಮೊಗ್ಗನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಜೇವರ್ಗಿಯ ಗೊಬ್ಬರದ ಅಂಗಡಿಗೆ ಹೋದ. ನಾನೂ ಜೊತೆಗೆ ಹೋಗಿದ್ದೆ. ಅಂಗಡಿಯವನು ಮೊಗ್ಗು ನೋಡಿದ, ಹೊರಗೆ ಆಕಾಶ ನೋಡಿದ.

“ಎಣ್ಣಿ ಏನೂ ಬ್ಯಾಡ್ರಿ. ಬಿಸಿಲಿಲ್ಲ, ಅದಕ್ಕ. ಎಲಿಗಿ ಬಿಸಿಲ ಬಿದ್ರ ಗಿಡಕ್ಕ ಊಟ. ಊಟ ಇಲ್ದ ಇಷ್ಟು ಮೊಗ್ಗ ಹೆಂಗ ಸಾಕ್ತದ? ತನಗ ಆಗಲಾರದ್ದು ಉದುರಸ್ತದ. ಮೋಡ ಬಿಟ್ಟಮ್ಯಾಲ ಬಂದ ಮೊಗ್ಗ ನಿಂದರ್ತಾವ. ಸುಮ್ನ ಇರ್ರಿ.”

ಎಣ್ಣೆ ಎಂದರೆ ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧ. ಬಸ್ಸಿನಲ್ಲಿ ಕುಳಿತ ಮೇಲೆ ಅಪ್ಪ ನನ್ನ ಕಿವಿಗೆ ಬಾಗಿದ.

“ಅಂಗಡ್ಯಾಂವ ಎಣ್ಣಿ ಬ್ಯಾಡ ಅಂದದ್ದು ಎಲ್ಲೆರ ಕೇಳೀಯೇನು? ಮಾರಾಕ ಕುಂತಾಂವ ಬ್ಯಾಡ ಅಂತಾನಂದ್ರ ಏನೋ ಅದ. ನಿಮ್ಮ ಮಾಮ ದಿನಾ ಅಲ್ಲೇ ಕುಂತು ಚಾ ಕುಡಿತಾನ.”

“ಮೋಡ ಎಲ್ಲರ ಹೊಲದ ಮ್ಯಾಲೂ ಅದಲ್ಲಪಾ.”

“ಎಲ್ಲರದೂ ಉದುರ್ಯಾವೇನು? ಅವನ ಹೊಲ ನೋಡಿ ಬಂದೀಯೇನು ನೀ?”

ನೋಡಿರಲಿಲ್ಲ. ಪಂಚಮಿಯಾದ ಮೇಲೆ ನಾನು ಆ ಕಡೆ ಕಾಲಿಟ್ಟಿರಲಿಲ್ಲ. ಬೆಳಗಿನ ಹೊತ್ತು ಬದುವಿನ ಆಚೆಯಿಂದ ಎಣ್ಣೆ ಹೊಡೆಯುವ ಪಂಪಿನ ಸದ್ದು ಮಾತ್ರ ಕೇಳುತ್ತಿತ್ತು. ಗಾಳಿ ನಮ್ಮ ಕಡೆ ಇರುವಾಗ ಮಾಮ ಕಸ ಸುಡುವ ಎಣ್ಣೆ ಹೊಡೆಯುತ್ತಾನೆ, ಅದು ಹಾರಿ ಬಂದು ನಮ್ಮ ಹತ್ತಿಯ ಮೇಲೆ ಕೂಡುತ್ತದೆ ಎಂಬುದು ಅಪ್ಪ ಕಟ್ಟಿದ ಲೆಕ್ಕ. ಯಾಕೆ ಹಾಗೆ ಮಾಡುತ್ತಾನೆ ಎಂಬುದಕ್ಕೂ ಉತ್ತರ ಸಿದ್ಧವಿತ್ತು.

“ಬಾಯಿ ಬಿಟ್ಟು ಹೊಲ ಕೇಳಿದ್ರ ಊರ ಮಂದಿ ಉಗುಳ್ತಾರ. ಬೆಳಿ ಬರಲಿಲ್ಲಂದ್ರ ಹಿಪ್ಪರಗಿ ಅಳಿಯ ತಾನೇ ಗಂಟು ಕಟ್ಟಿ ಹೋಗ್ತಾನ. ಅದು ಅವನ ವಿಚಾರ.”

ಹಂದಿ ಬರಬಾರದೆಂದು ಹೊಲದ ಸುತ್ತ ಹಳೆಯ ಸೀರೆ ಕಟ್ಟುವುದು ನಮ್ಮ ಕಡೆ ಹೊಸದಲ್ಲ. ಗೂಟ ನೆಟ್ಟು ಸೊಂಟದೆತ್ತರಕ್ಕೆ ಸೀರೆ ಕಟ್ಟಿದರೆ ಹಂದಿ ಆಚೆ ಏನಿದೆಯೋ ಎಂದು ಹೆದರಿ ಹಿಂದಕ್ಕೆ ಹೋಗುತ್ತದೆ. ಅಪ್ಪನೂ ಸೀರೆ ಕಟ್ಟುತ್ತೇನೆಂದ. ಕಟ್ಟಲಿ ಎಂದೆ. ಅವನು ಅವ್ವನ ಸಂದೂಕ ತೆಗೆದ. ಮದುವೆಯದೊಂದು ಬಿಟ್ಟು ಉಟ್ಟು ಹಳತಾದವು, ಅಷ್ಟೇನೂ ಹಳತಾಗದವು ಎಲ್ಲ ಹೊರಗೆ ಬಂದವು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಅವ್ವನ ಸೀರೆಗೆ ಒಲೆಯ ಹೊಗೆ ಮತ್ತು ಕೊಬ್ಬರಿ ಎಣ್ಣೆ ಸೇರಿದ ಒಂದು ವಾಸನೆ ಇರುತ್ತಿತ್ತು. ಅದು ಕೋಣೆ ತುಂಬ ಎದ್ದು, ಅಪ್ಪ ಗಂಟು ಹೊತ್ತು ಹೊರಟ ಮೇಲೆ ಅವನ ಹಿಂದೆಯೇ ಹೊರಗೆ ಹೋಯಿತು.

ಹಂದಿ ಬರುವುದು ಪಶ್ಚಿಮದ ಹಳ್ಳದ ಕಡೆಯಿಂದ. ಅಪ್ಪ ಸೀರೆ ಕಟ್ಟಿದ್ದು ಪೂರ್ವಕ್ಕೆ, ಮಾಮನ ಬದುವಿನ ಉದ್ದಕ್ಕೆ. ಬುಡಕ್ಕೆ ಜಾಲಿ ಮುಳ್ಳು ಹೊಡೆದ. ಉದ್ದನೆಯ ಬೊಂಬು ನೆಟ್ಟು ಕೆಳಗೊಂದು ಸೀರೆ, ಅದರ ಮೇಲೊಂದು ಸೀರೆ, ತನ್ನ ತಲೆಗಿಂತ ಎತ್ತರ.

“ಹಂದಿ ಹಾರಿ ಬರ್ತಾವೇನಪಾ, ಇಷ್ಟು ಎತ್ತರ?”

“ಎರಡು ಕಾಲಿನವೂ ಇರ್ತಾವ,” ಎಂದು ಗಂಟು ಬಿಗಿದ.

ಮರುದಿನ ನಳದ ಕಟ್ಟೆಯಲ್ಲಿ ಹೆಂಗಸರು ನನ್ನನ್ನು ಬಿಡಲಿಲ್ಲ. “ಏನಬೇ, ನಿಮ್ಮಪ್ಪ ಹೊಲಕ್ಕ ಸೀರಿ ಉಡಿಸ್ಯಾನಂತಲ್ಲ? ಉಡಿ ಯಾವತ್ತು ತುಂಬ್ತೀರಿ? ಹೇಳಿ ಕಳಸ್ರಿ, ಬರ್ತೇವಿ.” ಎಲ್ಲರೂ ನಕ್ಕರು. ಅತ್ತಿಯೂ ಅಲ್ಲಿದ್ದಳು. ಅವಳು ನಗಲಿಲ್ಲ. ಕೊಡ ತುಂಬಿದ ಮೇಲೆ ಸಿಂಬೆ ತಲೆಗೆ ಇಟ್ಟುಕೊಳ್ಳುತ್ತ ನನಗೊಬ್ಬಳಿಗೇ ಕೇಳುವಂತೆ ಹೇಳಿದಳು: “ಆ ಹಸರ ಸೀರಿ, ಕೆಂಪ ಅಂಚಿಂದು, ಮ್ಯಾಲ ಕಟ್ಯಾನಲ್ಲ, ಅದು ನಾನೇ ಆರಿಸಿದ್ದು. ಕಲಬುರ್ಗ್ಯಾಗ. ಬಣ್ಣ ಇನ್ನೂ ಹಂಗೇ ಅದ ನೋಡು.”

ಆಗ ನನಗೆ ಹೊಳೆಯಿತು. ಅವ್ವನ ಸಂದೂಕದಲ್ಲಿದ್ದ ಸೀರೆಗಳಲ್ಲಿ ಎಷ್ಟೋ ಪಂಚಮಿಯ ಸೀರೆಗಳು. ಮಾಮನೇ ತಂದುಕೊಟ್ಟ ಸೀರೆಗಳನ್ನು ಮಾಮನಿಗೇ ಅಡ್ಡ ಕಟ್ಟಿದ್ದೆವು. ಅಪ್ಪನಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೇ ಕಟ್ಟಿದನೋ. ಕೇಳಲಿಲ್ಲ. ಗೊತ್ತಿದ್ದೇ ಕಟ್ಟಿದ ಎಂದು ನನ್ನ ಸಂಶಯ. ಹೀಗೆ ಆ ಮಳೆಗಾಲದಲ್ಲಿ ನಾನು ಅಪ್ಪನ ಮೇಲೂ ಒಂದು ಕಣ್ಣಿಟ್ಟೆ.

ಸೀರೆ ಕಟ್ಟಿದ ಮೇಲೆ ಉದುರುವುದು ನಿಲ್ಲಬೇಕಿತ್ತು. ಹೆಚ್ಚಾಯಿತು. ಅದೂ ಎಲ್ಲಿ? ಸೀರೆಯ ಮಗ್ಗುಲಿನ ಸಾಲುಗಳಲ್ಲೇ. ಹೊಲದ ನಡುವೆ ಗಿಡಕ್ಕೆ ಅಷ್ಟಿಷ್ಟು ಮೊಗ್ಗು ಉಳಿದಿದ್ದರೆ, ಪೂರ್ವದ ಅಂಚಿಗೆ ಗಿಡಗಳು ಬರಿ ಎಲೆ ಹೊತ್ತುಕೊಂಡು ಸೀರೆಗಿಂತ ಮೇಲೆ ಇಣುಕಲು ನೋಡುತ್ತಿದ್ದವು.

“ಈಗರೆ ನಂಬ್ತಿ?” ಎಂದ ಅಪ್ಪ. “ಅವನ ಬದುವಿಗಿ ಹತ್ತಿದ್ದೇ ಹೆಚ್ಚ ಉದುರ್ಯಾವ. ನಡು ಹೊಲದಾಗ ಯಾಕಿಲ್ಲ? ಮೋಡ ಏನು ಬದುವಿನ ಮ್ಯಾಲೇ ಕುಂತದೇನು?”

ನಾನು ನಂಬಿದೆ. ಕಣ್ಣಿಗೆ ಕಾಣುತ್ತಿತ್ತಲ್ಲ. ಅಪ್ಪ ಸೀರೆ ಸಾಲದೆಂದು ಮನೆಯ ಹಳೆಯ ಚಾದರ, ಗೊಬ್ಬರದ ಚೀಲ ಎಲ್ಲ ತಂದು ಒಳಗಿನಿಂದ ಇನ್ನೊಂದು ಪದರ ಹೊದಿಸಿದ. ಆಚೆಯ ಗಾಳಿಯೂ ಬರಬಾರದು, ಕಣ್ಣೂ ಬೀಳಬಾರದು. ಆಮೇಲೆ ಆಚೆಯಿಂದ ಕೆಮ್ಮಿದರೂ ಯಾರು ಎಂದು ನಮಗೆ ಕಾಣುತ್ತಿರಲಿಲ್ಲ. ಅಪ್ಪ ಕೆಮ್ಮಿನ ಮೇಲೂ ವಿಚಾರ ಮಾಡುತ್ತಿದ್ದ.

ಅದರಲ್ಲಿ ಒಂದು ಸೀರೆಯನ್ನು ನೋಡಿ ನನಗೆ ತಡೆಯಲಾಗಲಿಲ್ಲ. ತಿಳಿನೀಲಿಯದು, ಸಣ್ಣ ಬಿಳಿ ಹೂವಿನದು. ಅವ್ವ ಹೊಲಕ್ಕೆ ಉಡುತ್ತಿದ್ದದ್ದು. ಬದುವಿನ ನಡುಮಧ್ಯದಲ್ಲಿ ಕೆಳಗಿನ ಸಾಲಿನಲ್ಲಿತ್ತು. ಗಾಳಿ ತುಂಬಿದಾಗ ಉಬ್ಬಿ, ದಾರಿಯ ತಿರುವಿನಿಂದ ನೋಡಿದರೆ ಯಾರೋ ಬಾಗಿ ಕಸ ಕೀಳುತ್ತಿರುವ ಹಾಗೆ ಕಾಣುತ್ತಿತ್ತು. ಪ್ರತಿದಿನ ಆ ತಿರುವಿಗೆ ಬಂದಾಗ ಎದೆ ಒಮ್ಮೆ ಹಗುರಾಗುತ್ತಿತ್ತು, ಮರುಗಳಿಗೆಗೆ ಭಾರವಾಗುತ್ತಿತ್ತು. ಒಂದು ದಿನ ಅಪ್ಪ ಜೇವರ್ಗಿಗೆ ಹೋಗಿದ್ದಾಗ ಅದನ್ನು ಬಿಚ್ಚಿದೆ. ಅದರ ಮೇಲಿನ ಸೀರೆಯ ಗಂಟುಗಳೂ ಅದಕ್ಕೇ ಇದ್ದವು. ಮೇಲಿನದೂ ಸಡಿಲಾಗಿ ಜೋತುಬಿತ್ತು. ಅದನ್ನು ಸುತ್ತಿ ಬೊಂಬಿಗೆ ಕಟ್ಟಿದೆ. ಆ ಜಾಗದ ಚಾದರವನ್ನೂ ತೆಗೆದಿಟ್ಟೆ. ಬೊಂಬಿನಿಂದ ಬೊಂಬಿಗೆ ಒಂದು ಸೀರೆಯಷ್ಟು ಉದ್ದದ ಬಯಲು ತೆರೆಯಿತು.

ಆಚೆ ಮಾಮ ಕುಕ್ಕರಗಾಲಲ್ಲಿ ಕುಳಿತಿದ್ದ. ಅವನ ಅಂಗೈಯಲ್ಲಿ ಹಳದಿ ಮೊಗ್ಗುಗಳು. ಒಂದನ್ನು ಉಗುರಿನಿಂದ ಸೀಳಿ ಕಣ್ಣಿನ ಹತ್ತಿರ ಹಿಡಿದಿದ್ದ. ಅವನ ಸಾಲುಗಳಲ್ಲೂ ನೆಲದ ತುಂಬ ಅವೇ ಬಿದ್ದಿದ್ದವು. ನನ್ನನ್ನು ನೋಡಿ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಒಂದರಾಗೂ ತೂತಿಲ್ಲಬೇ,” ಎಂದ. “ನಿಮ್ಮಪ್ಪ ಏನ ಹೊಡ್ಯಾಕತ್ತಾನ?”

“ಏನೂ ಇಲ್ಲ ಮಾಮಾ.”

“ಹಂಗಾದ್ರ ಇಷ್ಟೆಲ್ಲ ಕಟ್ಟಿ ಒಳಗ ಏನ ಮುಚ್ಚಿಟ್ಟಾನ?”

ಸೀರೆಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದೆ. ಅವನು ಸೀರೆಯನ್ನು ನೋಡಿದ. ಆಮೇಲೆ ಎದ್ದು ಬೆನ್ನು ತಿರುಗಿಸಿ ನಡೆದ.

ಅಪ್ಪ ಬಂದ ಕೂಡಲೇ ಬಯಲು ಅವನ ಕಣ್ಣಿಗೆ ಬಿತ್ತು. “ಸೀರಿ ಒಯ್ದಾನ!” ಎಂದು ಕೂಗಿದ. ನಾನೇ ತೆಗೆದದ್ದು ಎಂದೆ, ಮನೆಯಲ್ಲಿಟ್ಟಿದ್ದೇನೆ ಎಂದೆ. ಮಾಮನ ಹೊಲದಲ್ಲೂ ಹೀಗೇ ಉದುರಿದೆ, ಕಣ್ಣಾರೆ ನೋಡಿದೆ ಎಂದೂ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಗಡ್ಡ ತುರಿಸಿಕೊಂಡ. “ನೀ ನೋಡ್ಲಿ ಅಂತ ತಾನೇ ಹರದ ಚೆಲ್ಲಿರಬೇಕು.”

ಆದರೆ ತಿರುಗಿ ಕಟ್ಟಲಿಲ್ಲ. ಆ ಬಯಲು ಅವನಿಗೆ ಕೆಲಸಕ್ಕೆ ಬಂತು. ಸಾಲಿನಲ್ಲಿ ಒಂದು ಚೀಲ ಹಾಸಿ ಅದರ ಎದುರಿಗೆ ಕುಳಿತು ಆಚೆ ಕಾಯತೊಡಗಿದ. ಎರಡು ದಿನ ಬಿಟ್ಟು ನೋಡಿದರೆ ಆಚೆ ಮಾಮನೂ ಒಂದು ಚೀಲ ಹಾಸಿದ್ದ. ಇಬ್ಬರೂ ಎದುರುಬದುರು ಕುಳಿತು ಬೀಡಿ ಸೇದುತ್ತಿದ್ದರು. ಮಾತಿಲ್ಲ. ಒಬ್ಬನು ಎದ್ದರೆ ಇನ್ನೊಬ್ಬನೂ ಏಳುತ್ತಿದ್ದ.

ಮಹಾನವಮಿಯ ಹೊತ್ತಿಗೆ ಆಕಾಶ ತೆರೆಯಿತು. ಅಂಗಡಿಯವನು ಹೇಳಿದಂತೆ ಆಮೇಲೆ ಬಂದ ಮೊಗ್ಗು ನಿಂತಿತು, ಹೂವಾಯಿತು, ಕಾಯಾಯಿತು. ಅಂಗಡಿಯವನ ಮಾತು ಸರಿಯಾಯಿತೆಂದು ನಾನು ಹೇಳಿದರೆ, “ಅಂವ ದಿನಾ ಪೇಪರ್ ಓದ್ತಾನ, ಮೋಡ ಬಿಡೂದು ಅದರಾಗೇ ಬರ್ತದ,” ಎಂದ ಅಪ್ಪ.

ದೀಪಾವಳಿ ಕಳೆದು ಹತ್ತಿ ಬಿಡಿಸಲು ಇಳಿದೆವು. ಸೊಂಟಕ್ಕೆ ಅರಿವೆಯ ಉಡಿ ಕಟ್ಟಿಕೊಂಡು ಸಾಲು ಹಿಡಿದು ಹೋಗುತ್ತಿದ್ದೆ. ಪೂರ್ವದ ಅಂಚಿಗೆ ಬಂದಾಗ ಉಡಿ ತುಂಬುವುದೇ ನಿಂತಿತು. ಎದೆಯೆತ್ತರದ ಗಿಡ, ಅಲ್ಲೊಂದು ಇಲ್ಲೊಂದು ಕಾಯಿ, ಕೆಲವು ಬುಡದಲ್ಲೇ ಕಪ್ಪಾಗಿ ಕೊಳೆತಿದ್ದವು. ಅದೇ ಸಾಲಿನಲ್ಲಿ ಮುಂದೆ ಹೋದಂತೆ ಇದ್ದಕ್ಕಿದ್ದ ಹಾಗೆ ಗಿಡ ಗಿಡ್ಡವಾಯಿತು. ಟೊಂಗೆ ಟೊಂಗೆಗೆ ಅರಳಿದ ಹತ್ತಿ, ನೆಲ ಬೆಳ್ಳಗೆ ಕಾಣುವಷ್ಟು. ಸ್ವಲ್ಪ ದೂರ ಅಷ್ಟೆ. ಮತ್ತೆ ಬರಿ ಎತ್ತರದ ಗಿಡ. ತಲೆ ಎತ್ತಿ ನೋಡಿದೆ. ಬಯಲಿನ ಎದುರಿಗೆ ನಿಂತಿದ್ದೆ. ಹತ್ತಿ ನಿಂತ ಜಾಗ ಅವ್ವನ ಸೀರೆಯಷ್ಟೇ ಉದ್ದವಿತ್ತು.

ಅಪ್ಪನನ್ನು ಕರೆದು ತೋರಿಸಿದೆ. ಅವನು ಗಿಡ ಮುಟ್ಟಿದ, ಕಾಯಿ ಒತ್ತಿ ನೋಡಿದ. ಮುಖದಲ್ಲಿ ಗೆದ್ದ ಕಳೆ ಬಂತು.

“ನೋಡು! ಇಲ್ಲಿ ನಾ ಕುಂದರ್ತಿದ್ದೆ. ನಾ ಕಾದೇನಂತ ಇಲ್ಲಿ ಅವನ ಆಟ ನಡೀಲಿಲ್ಲ. ಎಲ್ಲಾ ಕಡಿ ಕುಂತಿದ್ರ ಎಲ್ಲಾ ಉಳೀತಿತ್ತು.”

ಒಂದು ಕ್ಷಣ, ಹೌದಿರಬಹುದೇ ಎಂದು ನನಗೂ ಅನ್ನಿಸಿತು. ಅಷ್ಟು ಗಟ್ಟಿಯಾಗಿ ಹೇಳುತ್ತಿದ್ದ. ಮರುದಿನ ಅವನಿಗಿಂತ ಮೊದಲೇ ಹೊಲಕ್ಕೆ ಹೋದೆ. ಸೂರ್ಯ ಮಾಮನ ಹೊಲದ ಆಚೆ ಆಗತಾನೆ ಎದ್ದಿದ್ದ. ಸೀರೆ, ಚಾದರ, ಚೀಲ ಎಲ್ಲದರ ನೆರಳು ಒಂದೇ ಕರಿ ಪಟ್ಟಿಯಾಗಿ ನಮ್ಮ ಹತ್ತಿಯ ಮೇಲೆ ಬಿದ್ದಿತ್ತು. ಎಲೆಗಳ ಮೇಲಿನ ಇಬ್ಬನಿ ಅಲ್ಲಿ ಹಾಗೇ ಕುಳಿತಿತ್ತು. ಬಯಲು ಇದ್ದ ಕಡೆ ಮಾತ್ರ ಬಿಸಿಲು ನೇರವಾಗಿ ಒಳಗೆ ಬಂದು, ಇಬ್ಬನಿ ಆಗಲೇ ಆರಿತ್ತು. ನಾನು ಅಲ್ಲೇ ಕುಳಿತುಬಿಟ್ಟೆ. ಆ ಮೋಡದ ದಿನಗಳಲ್ಲಿ ನಮಗೆ ಇದ್ದ ಬಿಸಿಲೆಂದರೆ ಬೆಳಗಿನದೊಂದೇ. ಅದನ್ನು ಸೀರೆಗಳು ಉಂಡಿದ್ದವು.

ಅಪ್ಪ ಬಂದ. ಕೈ ಹಿಡಿದು ನೆರಳಿನ ಸಾಲಿನಲ್ಲಿ ನಿಲ್ಲಿಸಿದೆ. ಎದೆಯ ತನಕ ನೆರಳು. ಎಳೆದುಕೊಂಡು ಹೋಗಿ ಬಯಲಿನ ಎದುರು ನಿಲ್ಲಿಸಿದೆ. ಬಿಸಿಲು ಕಣ್ಣಿಗೆ ಹೊಡೆದು ಕೈ ಅಡ್ಡ ಹಿಡಿದ.

“ಸೀರಿ ತೆಳ್ಳಗ ಇರ್ತದ. ಬೆಳಕ ಹಾಯ್ತದ,” ಎಂದ.

“ಚಾದರದಾಗ ಹಾಯ್ತದೇನು? ಚೀಲದಾಗ?”

ಅಪ್ಪ ನೆರಳಿನ ಸಾಲಿಗೆ ತಾನೇ ತಿರುಗಿ ಹೋಗಿ ನಿಂತ. ಮತ್ತೆ ಬಯಲಿಗೆ ಬಂದ. ಅವನಿಗೆ ತಿಳಿಯಿತು. ತಿಳಿದ ಮೇಲೆ ಅವನ ಮುಖ ಹಗುರಾಗಲಿಲ್ಲ. ಎಣ್ಣೆ ಇಲ್ಲ, ಕಣ್ಣಿಲ್ಲ ಎಂದ ಮೇಲೆ ಹೊಲದ ಮಾತೊಂದೇ ಉಳಿಯಿತು. ಅದನ್ನು ಬಾಯಿಬಿಟ್ಟು ಕೇಳಬೇಕಾಗುತ್ತದೆ. ಸೀರೆಗಳು ಹಾಗೇ ಇದ್ದವು.

ಎಳ್ಳಮಾವಾಸ್ಯೆ ಬಂತು. ಅವ್ವ ಹೋದ ವರ್ಷ ಮನೆಗೆ ಹಬ್ಬವಿರಲಿಲ್ಲ. ಹೊಲಕ್ಕೆ ಇತ್ತು, ಹೊಲವನ್ನು ಉಪವಾಸ ಇಡುವಂತಿಲ್ಲ. ಸಜ್ಜೆ ಕಡುಬು, ಭಜ್ಜಿ, ಶೇಂಗಾ ಹೋಳಿಗೆ ಮಾಡಿದೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮುರಿದು ಬುಟ್ಟಿಯಲ್ಲಿ ಕಲಸಿ ಹೊಲದ ನಾಲ್ಕೂ ಬದುವಿನ ಮೇಲೆ ನಡೆದು ಚೆಲ್ಲಬೇಕು. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಹಿಂದೆ ಒಬ್ಬರು ನೀರು ಹನಿಸುತ್ತ ಬರಬೇಕು. ಆ ತಂಬಿಗೆ ಯಾವತ್ತೂ ಅವ್ವನ ಕೈಯಲ್ಲಿ ಇರುತ್ತಿತ್ತು. ಈ ಸಲ ನಾನು ಹಿಡಿದೆ.

ದಕ್ಷಿಣ, ಪಶ್ಚಿಮ, ಉತ್ತರ ಮುಗಿಸಿ ಪೂರ್ವದ ಮೂಲೆಗೆ ಬಂದು ಅಪ್ಪ ನಿಂತ. ಬದುವಿನ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮುಳ್ಳು, ಬೊಂಬು, ಸೀರೆ. ಬದು ಬಿಟ್ಟು ಈಚೆಯ ಸಾಲಿನಲ್ಲಿ ಚೆಲ್ಲಿದರೆ ಹೊಲ ಅಲ್ಲಿಗೆ ಮುಗಿಯಿತು ಎಂದು ಒಪ್ಪಿಕೊಂಡ ಹಾಗೆ. ಆಚೆ ಇಳಿದರೆ ಮಾಮನ ಹೊಲ. ಬೇರೆ ದಾರಿ ಕಾಣದೆ ಸಾಲುಗಳ ನಡುವೆ ನುಸುಳುತ್ತ ಬಯಲಿನ ತನಕ ಬಂದೆವು.

ಆಚೆ ಮಾಮ ಬುಟ್ಟಿ ಹಿಡಿದು ನಿಂತಿದ್ದ. ಅವನ ಹಿಂದೆ ತಂಬಿಗೆ ಹಿಡಿದು ಅತ್ತಿ. ಅವರಿಗೂ ಬದು ಹತ್ತಲು ಆಗಿರಲಿಲ್ಲ.

ಅಪ್ಪ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

“ಕೇಳೂದಿದ್ರ ಈಗೇ ಕೇಳಿಬಿಡು,” ಎಂದ ಅಪ್ಪ.

“ಏನ ಕೇಳ್ಲಿ?”

“ಹೊಲ.”

ಮಾಮ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡ. “ಭಾವ, ಕೇಳೂದಿದ್ರ ಅಕ್ಕ ಇದ್ದಾಗ ಕೇಳ್ತಿದ್ದೆ. ಅಕಿ ಆದ್ರ ಕೊಟ್ಟುಬಿಡ್ತಿದ್ಳು. ನಿಮ್ಮನ್ನ ಕೇಳಿ ಯಾರಿಗಿ ಏನ ಸಿಕ್ಕದ ಇಲ್ಲಿತನಕ?”

ಅತ್ತಿ ನಗು ತಡೆಯಲು ಸೆರಗು ಬಾಯಿಗೆ ಹಿಡಿದಳು. ಅಪ್ಪ ಸೋಲಲಿಲ್ಲ.

“ಹಂಗಾದ್ರ ಪಂಚಮಿಗಿ ಸೀರಿ ಯಾಕ ತಂದಿ?”

“ತರದಿದ್ರ ಏನ ಅಂತಿದ್ರಿ?”

ಅಪ್ಪ ನಿಜವಾಗಿ ವಿಚಾರ ಮಾಡಿದ. “ಅಕ್ಕ ಹೋದ ಕೂಡ್ಲೆ ಮರ್ತ ಅಂತಿದ್ದೆ.”

“ಮತ್ತ?”

ಅಪ್ಪ ಬುಟ್ಟಿ ಕೆಳಗಿಟ್ಟ. ಬೊಂಬಿನ ಗಂಟಿಗೆ ಕೈ ಹಾಕಿದ. ಮಳೆಗೆ ನೆನೆದು ಬಿಸಿಲಿಗೆ ಒಣಗಿದ ಗಂಟು ಕಲ್ಲಾಗಿತ್ತು. ಮಾಮ ತನ್ನ ಕುಡುಗೋಲು ಚಾಚಿದ. ಅಪ್ಪ ಅದನ್ನು ಒಂದು ಗಳಿಗೆ ನೋಡಿ ತೆಗೆದುಕೊಂಡ. ಒಬ್ಬ ಈಚೆಯಿಂದ, ಒಬ್ಬ ಆಚೆಯಿಂದ ಬಿಚ್ಚುತ್ತ, ಕತ್ತರಿಸುತ್ತ ಹೋದರು. ಅತ್ತಿಯೂ ನಾನೂ ಸೀರೆ ಆಯ್ದುಕೊಳ್ಳುತ್ತ ಹಿಂದೆ ಹೋದೆವು. ಮುಳ್ಳು ಸರಿಸಿ ದಾರಿಯಾದ ಮೇಲೆ ಇಬ್ಬರೂ ಒಂದೇ ಬದುವಿನ ಮೇಲೆ, ಒಬ್ಬರ ಹಿಂದೆ ಒಬ್ಬರು ಚರಗ ಚೆಲ್ಲಿದರು. ಅಪ್ಪ ಪಶ್ಚಿಮಕ್ಕೆ ತನ್ನ ಹೊಲದ ಕಡೆ, ಮಾಮ ಪೂರ್ವಕ್ಕೆ ತನ್ನ ಹೊಲದ ಕಡೆ.

ಬೇವಿನ ಗಿಡದ ಕೆಳಗೆ ಉಂಡ ಮೇಲೆ ಸೀರೆ ಮಡಿಸಲು ಕುಳಿತೆವು. ಬಣ್ಣ ಹೋಗಿತ್ತು, ಅಂಚು ಹರಿದಿದ್ದವು. ಕೆಂಪಂಚಿನ ಹಸಿರು ಸೀರೆಯನ್ನು ಅತ್ತಿ ತನ್ನ ತೊಡೆಯ ಮೇಲೆ ಹರವಿಕೊಂಡು ಮುಳ್ಳು ಬಿಡಿಸುತ್ತಿದ್ದಳು. ಮಾಮ ಒಂದು ಹಳದಿ ಸೀರೆ ಎತ್ತಿ, “ಇದು ನಾ ಕೊಟ್ಟದ್ದು,” ಎಂದ.

“ಯಾವಾಗ ಕೊಟ್ಟಿ? ಅದು ನಾ ಆಳಂದದಾಗ ತಂದದ್ದು,” ಎಂದ ಅಪ್ಪ.

“ಆಳಂದದಾಗ ಇಂಥದ್ದು ಎಲ್ಲಿ ಸಿಗ್ತದ ಭಾವ? ಇವಳು ಹುಟ್ಟಿದ ವರ್ಷದ ಪಂಚಮಿದು.”

“ಸುಳ್ಳ ಹೇಳ್ತಿ. ಅಕಿ ಬಾಣಂತನ ಮುಗಿಸಿ ಬಂದಾಗ ನಾ ತಂದದ್ದು.”

ಒಂದೊಂದು ತುದಿ ಹಿಡಿದು ಇಬ್ಬರೂ ಜಗ್ಗಿದರು. ನಕ್ಕುಕೊಂಡೇ ಜಗ್ಗಿದರು. ಆಮೇಲೆ ಇಬ್ಬರೂ ಒಟ್ಟಿಗೇ ತಲೆ ತಿರುಗಿಸಿ ಪಕ್ಕಕ್ಕೆ ನೋಡಿದರು. ಅವ್ವ ಯಾವತ್ತೂ ಊಟ ಬಡಿಸಿ ಕುಳಿತುಕೊಳ್ಳುತ್ತಿದ್ದ ಜಾಗಕ್ಕೆ. ಯಾವ ಸೀರೆ ಯಾರು ತಂದದ್ದು, ಯಾವ ವರ್ಷ, ಯಾವ ಅಂಗಡಿ, ಎಲ್ಲ ಅವಳಿಗೆ ಗೊತ್ತಿತ್ತು. ಅಲ್ಲಿ ಖಾಲಿ ತಂಬಿಗೆ ಇತ್ತು. ಮಾಮ ತನ್ನ ತುದಿ ಬಿಟ್ಟ. ಅಪ್ಪನೂ ಬಿಟ್ಟ. ಸೀರೆ ನಡುವೆ ಬಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅಪ್ಪ ನನ್ನ ಕಡೆ ತಿರುಗಿದ.

“ನೀ ಬಿಚ್ಚಿ ಒಯ್ದಿಯಲ್ಲ, ನೀಲಿದು. ಅದು ಯಾರ ತಂದದ್ದು?”

“ನನಗ ಗೊತ್ತಿಲ್ಲಪಾ.”

ಅಪ್ಪ ಮೊಗ್ಗು ಸೀಳಿ ನೋಡುವಾಗ ಮಾಡುತ್ತಿದ್ದಂತೆ ಕಣ್ಣು ಸಣ್ಣದು ಮಾಡಿ ನನ್ನನ್ನೇ ನೋಡಿದ.

“ಖರೇನೇ ಗೊತ್ತಿಲ್ಲೇನು?” ಎಂದ.

ನನಗೆ ಖರೇನೇ ಗೊತ್ತಿರಲಿಲ್ಲ.